ಪ್ರಾಮಾಣ್ಯವೂ ನಾವಿಕನ ಕೋನಯಂತ್ರವೂ

ಜ್ಞಾನವು ಹುಟ್ಟುವಾಗಲೇ ತನ್ನ ಯಥಾರ್ಥತೆಯನ್ನು ತನ್ನೊಡನೆ ತರುವುದೋ, ಅಥವಾ ಆ ಯಥಾರ್ಥತೆಯನ್ನು ಬೇರೊಂದು ಸಾಧನದಿಂದ ನಿಶ್ಚಯಿಸಿಕೊಳ್ಳಬೇಕಾಗುವುದೋ ಎಂಬ ಪ್ರಶ್ನೆಯು ಭರತಖಂಡದ ಶಾಸ್ತ್ರಕಾರರನ್ನು ಅನೇಕ ಶತಮಾನಗಳ ಕಾಲ ವಾದದಲ್ಲಿ ತೊಡಗಿಸಿತು. ಮೀಮಾಂಸಕರು ಸ್ವತಃಪ್ರಾಮಾಣ್ಯವಾದಿಗಳು. ಕಂಡದ್ದು ಕಂಡಂತೆಯೇ ಪ್ರಮಾಣ; ಕಾಣುವ ಕರಣದಲ್ಲಿ ದೋಷವಿದೆಯೆಂದು ತಿಳಿದುಬಂದರೆ, ಇಲ್ಲವೆ ಆ ಕಾಣ್ಕೆಯನ್ನು ತಳ್ಳಿಹಾಕುವ ಬಾಧಕಜ್ಞಾನವು ತಲೆದೋರಿದರೆ ಮಾತ್ರವೇ ಅದು ಅಪ್ರಮಾಣವೆಂಬುದು ಅವರ ಮತ. ನೈಯಾಯಿಕರು ಇದನ್ನೊಪ್ಪರು. ದೂರದಲ್ಲಿ ನೀರು ಕಂಡಿತೆಂಬ ಮಾತ್ರಕ್ಕೆ ಅದು ನೀರೆಂದು ನಿಶ್ಚಯವಾಗದು. ಹತ್ತಿರ ಹೋಗಿ, ಕುಡಿದು, ಬಾಯಾರಿಕೆ ಹಿಂಗಿದ ಮೇಲೆ, ಎಂದರೆ ಪ್ರವೃತ್ತಿಯು ಸಫಲವಾದ ಮೇಲೆ, ಮೊದಲಿನ ಜ್ಞಾನವು ಯಥಾರ್ಥವಾಗಿತ್ತೆಂದು ಅನುಮಾನಿಸಬೇಕೆನ್ನುತ್ತಾರೆ ಅವರು.

ಪಾಠಶಾಲೆಯ ಜಗಲಿಯ ಮೇಲೆ ಈ ವಾದವು ನಡೆದಾಗ ಗೆದ್ದವನಿಗೂ ಸೋತವನಿಗೂ ಹೊತ್ತಿಗೆ ಸರಿಯಾಗಿ ಊಟ ದೊರೆಯುತ್ತದೆ. ಆದಕಾರಣವೇ ಇದು ಕೇವಲ ಬುದ್ಧಿವಿಲಾಸವೆಂದು ಲೌಕಿಕರು ತಿಳಿಯುವುದುಂಟು. ಆದರೆ ದಡ ಕಾಣದ ಸಮುದ್ರದ ನಡುವೆ, ನೂರಾರು ಪ್ರಾಣಗಳ ಹೊಣೆಯನ್ನು ಹೊತ್ತು, "ಈಗ ಹಡಗು ಎಲ್ಲಿದೆ?" ಎಂದು ಕೇಳಿಕೊಳ್ಳುವವನಿಗೆ ಇದು ವಿಲಾಸವಲ್ಲ. ನೈಯಾಯಿಕನು ಹೇಳುವ ಫಲಪರೀಕ್ಷೆಯು ಅವನಿಗೂ ಒದಗುತ್ತದೆ. ಬಂದರು ಕಂಡಾಗ ಅಥವಾ ಬಂಡೆ ತಗುಲಿದಾಗ. ಎರಡನೆಯ ಪಕ್ಷದಲ್ಲಿ ಪರೀಕ್ಷೆಯ ಫಲವನ್ನು ಬರೆದಿಡುವುದಕ್ಕೆ ಪರೀಕ್ಷಕನೇ ಉಳಿಯುವುದಿಲ್ಲ. ಫಲವನ್ನು ಕಾಣುವುದಕ್ಕೆ ಮುಂಚೆಯೇ ನಂಬಿ ನಡೆಯಬೇಕಾದವನು ತನ್ನ ಜ್ಞಾನವನ್ನು ಎಷ್ಟರಮಟ್ಟಿಗೆ ನಂಬಬಹುದು? ಪರರ ಪ್ರಾಣವು ಆ ನಂಬಿಕೆಯ ಮೇಲೆ ನಿಂತಿರುವಾಗ ಅವನ ಧರ್ಮವೇನು? ಈ ವಿಚಾರಕ್ಕೆ ನಾವಿಕರು ಬಳಸಿದ ಕೋನಯಂತ್ರದ ಚರಿತ್ರೆಯು ಶಾಸ್ತ್ರಗ್ರಂಥದಷ್ಟೇ ಉಪಯುಕ್ತವಾದ ದೃಷ್ಟಾಂತಗಳನ್ನು ಒದಗಿಸುತ್ತದೆ.

ಸಮುದ್ರದ ಮೇಲೆ ಗುರುತು ಹಾಕಲು ಮರವಿಲ್ಲ, ಮೈಲಿಗಲ್ಲಿಲ್ಲ. ನಿಶ್ಚಿತವಾದುವು ಎರಡೇ: ಆಕಾಶದ ಜ್ಯೋತಿಗಳು, ಮತ್ತು ನೀರೂ ಆಕಾಶವೂ ಕೂಡುವ ಕ್ಷಿತಿಜರೇಖೆ. ಇವೆರಡರ ನಡುವಿನ ಕೋನವನ್ನು ಅಳೆದರೆ ಅಕ್ಷಾಂಶವನ್ನು ತಿಳಿಯಬಹುದೆಂಬುದನ್ನು ನಾವಿಕರು ಬಹು ಹಿಂದೆಯೇ ಕಂಡುಕೊಂಡಿದ್ದರು. ಅರಬ್ಬೀ ಸಮುದ್ರದಲ್ಲಿ ಸಂಚರಿಸುತ್ತಿದ್ದವರ ಬಳಿ ಇದ್ದುದು ಕಮಾಲ್ ಎಂಬ ಅತಿ ಸರಳವಾದ ಸಾಧನ: ಒಂದು ಸಣ್ಣ ಹಲಗೆ, ಅದರ ನಡುವಿನಿಂದ ಹೊರಟ ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರವನ್ನು ಬಿಗಿಯಾಗಿ ಚಾಚಿ, ಹಲಗೆಯ ಕೆಳಅಂಚು ಕ್ಷಿತಿಜಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ಅಳತೆಯು ಮುಗಿಯಿತು. ಇಂಥ ಬಂದರಿಗೆ ಇಂಥ ಗಂಟು. ಅವರ ಮಾನಕ್ಕೆ ಇಸ್ಬಾ, ಎಂದರೆ ಬೆರಳು, ಎಂದು ಹೆಸರು. ಸಂಸ್ಕೃತದ ಅಂಗುಲವೂ ಬೆರಳೇ ಎಂಬುದನ್ನು ವಾಚಕರು ಗಮನಿಸಬಹುದು. ವಿಜಯನಗರದ ಅರಸರಿಗಾಗಿ ಕುದುರೆಗಳನ್ನು ಹೊನ್ನಾವರ, ಭಟ್ಕಳದ ರೇವುಗಳಿಗೆ ತಂದಿಳಿಸಿದ ಅರಬ್ಬೀ ನಾವಿಕರಿಗೆ ಪರಿಚಿತವಾಗಿದ್ದ ವಿದ್ಯೆ ಇದು.

ಯೂರೋಪಿನವರು ದೀರ್ಘಕಾಲ ಅಡ್ಡಗೋಲನ್ನು ಬಳಸಿದರು. ಅದರಲ್ಲಿ ಸೂರ್ಯನ ಉನ್ನತಿಯನ್ನು ಅಳೆಯಬೇಕಾದರೆ ಸೂರ್ಯನನ್ನೇ ಬರಿಗಣ್ಣಿನಿಂದ ನೋಡಬೇಕಾಗುತ್ತಿತ್ತು. ಸತ್ಯವನ್ನು ಅಳೆಯುವ ಕಣ್ಣನ್ನೇ ಕೆಡಿಸುವ ಸಾಧನ ಅದು. ೧೬ನೆಯ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನ ಜಾನ್ ಡೇವಿಸ್ ಎಂಬ ನಾವಿಕನು ಸೂರ್ಯನಿಗೆ ಬೆನ್ನುಮಾಡಿ ನಿಂತು, ನೆರಳಿನಿಂದ ಅಳೆಯುವ ಗೋಲನ್ನು ರಚಿಸಿದನು. ಕಣ್ಣೇನೋ ಉಳಿಯಿತು, ಹಡಗು ಓಲಾಡುವಾಗ ನೆರಳನ್ನೂ ಕ್ಷಿತಿಜವನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವ ಕಷ್ಟವು ಉಳಿದೇ ಇತ್ತು.

ಈ ಕಷ್ಟವನ್ನು ಕಳೆದುದು ಕನ್ನಡಿ. ೧೭೩೧ರಲ್ಲಿ ಜಾನ್ ಹ್ಯಾಡ್ಲಿಯು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಎರಡು ಕನ್ನಡಿಗಳ ಯಂತ್ರವೊಂದನ್ನು ವಿವರಿಸಿದನು. ಅದೇ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಕಿಟಕಿಗಳಿಗೆ ಗಾಜು ಕೂರಿಸುವ ಕಸುಬಿನ ಥಾಮಸ್ ಗಾಡ್‌ಫ್ರೆ ಎಂಬವನೂ ಸ್ವತಂತ್ರವಾಗಿ ಅದೇ ತತ್ತ್ವವನ್ನು ಕಂಡುಹಿಡಿದಿದ್ದನು. ಇವರಿಬ್ಬರಿಗಿಂತಲೂ ಮುಂಚೆಯೇ ನ್ಯೂಟನ್ನನು ಇಂಥದೊಂದು ಯಂತ್ರವನ್ನು ಯೋಚಿಸಿದ್ದನೆಂಬುದು ೧೭೪೨ರಲ್ಲಿ ಹ್ಯಾಲಿಯು ತೀರಿಕೊಂಡ ಮೇಲೆ ಅವನ ಕಾಗದಪತ್ರಗಳ ನಡುವೆ ದೊರೆತ ಬರಹದಿಂದ ಹೊರಬಿತ್ತು. ಮಹಾಪಂಡಿತನ ಬರಹವು ಕಾಗದಗಳ ಕಟ್ಟಿನಲ್ಲಿ ಮಲಗಿದ್ದಾಗ ಗಾಜು ಕೂರಿಸುವವನು ಅದನ್ನು ಮಾಡಿ ಮುಗಿಸಿದ್ದನೆಂಬುದು ವಿದ್ಯೆಯ ವಿನೋದಗಳಲ್ಲೊಂದು. ಹ್ಯಾಡ್ಲಿಯ ಯಂತ್ರದ ಚಾಪವು ವೃತ್ತದ ಎಂಟನೆಯ ಒಂದು ಭಾಗ. ಆದ್ದರಿಂದ ಆಕ್ಟಂಟ್ ಎಂಬ ಹೆಸರು. ಚಂದ್ರನಿಗೂ ನಕ್ಷತ್ರಗಳಿಗೂ ಇರುವ ದೂರವನ್ನು ಅಳೆಯಲು ಇನ್ನೂ ದೊಡ್ಡ ಕೋನಗಳು ಬೇಕಾದುದರಿಂದ, ೧೭೫೭ರ ಸುಮಾರಿಗೆ ಕಪ್ತಾನ್ ಜಾನ್ ಕ್ಯಾಂಬೆಲ್ಲನ ಸೂಚನೆಯ ಮೇರೆಗೆ ಚಾಪವನ್ನು ಆರನೆಯ ಒಂದು ಭಾಗಕ್ಕೆ ಹಿಗ್ಗಿಸಿದರು. ಅದೇ ಸೆಕ್ಸ್ಟಂಟ್.

ಕನ್ನಡಿಯನ್ನು ಒಂದು ಅಂಶದಷ್ಟು ತಿರುಗಿಸಿದರೆ ಅದರಿಂದ ಪ್ರತಿಫಲಿಸಿದ ಕಿರಣವು ಎರಡು ಅಂಶ ತಿರುಗುತ್ತದೆ; ಆದಕಾರಣ ೬೦ ಅಂಶಗಳ ಚಾಪದ ಮೇಲೆ ೧೨೦ ಅಂಶಗಳನ್ನು ಗುರುತಿಸಬಹುದು. ಯಂತ್ರದ ನೆತ್ತಿಯಲ್ಲಿ ಚಲಿಸುವ ತೋಳಿಗೆ ಹೊಂದಿಕೊಂಡ ಒಂದು ಕನ್ನಡಿ. ಎದುರಿಗೆ, ಅರ್ಧ ಬೆಳ್ಳಿಯ ಲೇಪ ಹಚ್ಚಿ ಅರ್ಧ ಬರಿಯ ಗಾಜಾಗಿ ಬಿಟ್ಟ ಇನ್ನೊಂದು. ನೋಡುವವನು ಬರಿಯ ಗಾಜಿನ ಮೂಲಕ ಕ್ಷಿತಿಜವನ್ನು ನೇರವಾಗಿ ಕಾಣುತ್ತಾನೆ. ಲೇಪದ ಭಾಗದಲ್ಲಿ, ಕಪ್ಪುಗಾಜುಗಳಿಂದ ತಂಪುಗೊಂಡ ಸೂರ್ಯಬಿಂಬವನ್ನು ಕಾಣುತ್ತಾನೆ. ತೋಳನ್ನು ಮೆಲ್ಲನೆ ಸರಿಸುತ್ತ ಬಂದರೆ ಆಕಾಶದ ಸೂರ್ಯನು ಇಳಿದಿಳಿದು ಸಮುದ್ರದ ಅಂಚಿನ ಮೇಲೆ ಕುಳಿತುಕೊಳ್ಳುತ್ತಾನೆ. ಆಗ ಯಂತ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತೂಗಿದರೆ ಬಿಂಬವು ತೊಟ್ಟಿಲಿನಂತೆ ತೂಗುತ್ತದೆ. ಆ ತೂಗಾಟದ ಅತಿ ಕೆಳಗಿನ ನೆಲೆಯಲ್ಲಿ ಬಿಂಬದ ಅಂಚು ನೀರನ್ನು ತಾಗಿಯೂ ತಾಗದಂತಿರಬೇಕು. ಹಡಗು ಎಷ್ಟೇ ಓಲಾಡಿದರೂ ಕನ್ನಡಿಯ ಸೂರ್ಯನೂ ಗಾಜಿನ ಕ್ಷಿತಿಜವೂ ಜೊತೆಯಾಗಿಯೇ ಓಲಾಡುವುದರಿಂದ ಅವುಗಳ ಸಂಬಂಧವು ಕೆಡುವುದಿಲ್ಲ. ನಿಂತ ನೆಲವು ಅಸ್ಥಿರವಾಗಿದ್ದರೂ ಅಳತೆಯು ಸ್ಥಿರವಾಗಿರುವಂತೆ ಮಾಡಿದುದೇ ಈ ಯಂತ್ರದ ಹಿರಿಮೆ. ಒಂದು ಕಲೆಯಷ್ಟು ಅಕ್ಷಾಂಶವೆಂದರೆ ಒಂದು ನಾವಿಕಮೈಲಿ. ಅಂಶದ ಅರುವತ್ತನೆಯ ಒಂದು ಪಾಲು ತಪ್ಪಿದರೆ ಒಂದು ಮೈಲಿ ತಪ್ಪಿದಂತೆ.

ಇಷ್ಟು ನಿಪುಣವಾದ ಯಂತ್ರವನ್ನು ಕೈಯಲ್ಲಿ ಹಿಡಿದ ನಾವಿಕನು ಅದು ಹೇಳಿದುದನ್ನು ಹಾಗೆಯೇ ನಂಬುವನೇ? ನಂಬುವುದಿಲ್ಲ. ಸೂರ್ಯನನ್ನು ನೋಡುವುದಕ್ಕೆ ಮೊದಲು ಅವನು ಯಂತ್ರದ ತೋಳನ್ನು ಸೊನ್ನೆಗೆ ತಂದು ಬರಿಯ ಕ್ಷಿತಿಜವನ್ನು ನೋಡುತ್ತಾನೆ. ನೇರವಾಗಿ ಕಂಡ ಕ್ಷಿತಿಜವೂ ಕನ್ನಡಿಯಲ್ಲಿ ಕಂಡ ಕ್ಷಿತಿಜವೂ ಒಂದೇ ಗೆರೆಯಾಗಿದ್ದರೆ ಸರಿ. ಮೆಟ್ಟಿಲಿನಂತೆ ಮುರಿದು ಕಂಡರೆ ಯಂತ್ರದಲ್ಲಿ ದೋಷವುಂಟು. ತೋಳನ್ನು ಸರಿಸಿ ಗೆರೆಯನ್ನು ಒಂದುಮಾಡಿ, ಸೊನ್ನೆಯಿಂದ ಎಷ್ಟು ಕಲೆ ಸರಿಯಿತೆಂದು ಬರೆದುಕೊಳ್ಳುತ್ತಾನೆ. ಸೊನ್ನೆಯು ಚಾಪದ ಒಳಗೆ ಬಿದ್ದರೆ ಆ ಕಲೆಗಳನ್ನು ಕಳೆಯಬೇಕು, ಹೊರಗೆ ಬಿದ್ದರೆ ಕೂಡಬೇಕು. ಇಲ್ಲಿ ಒಂದು ವಿಶೇಷವುಂಟು. ದೋಷವು ಅಲ್ಪವಾಗಿದ್ದರೆ ನುರಿತ ನಾವಿಕನು ತಿರುಪುಗಳನ್ನು ತಿರುವಿ ಅದನ್ನು ಇಲ್ಲದಂತೆ ಮಾಡಲು ಹೊರಡುವುದಿಲ್ಲ. ಪದೇ ಪದೇ ತಿರುವಿದ ತಿರುಪು ಸಡಿಲವಾಗಿ ನಾಳೆ ಎಷ್ಟು ದೋಷವೆಂಬುದೇ ತಿಳಿಯದಂತಾಗುವುದು. ತಿಳಿದಿರುವ ದೋಷವನ್ನು ಹಾಗೆಯೇ ಉಳಿಸಿಕೊಂಡು ಲೆಕ್ಕದಲ್ಲಿ ಸೇರಿಸುತ್ತಾನೆ.

ದೋಷಗಳು ಅಲ್ಲಿಗೇ ನಿಲ್ಲವು. ನೋಡುವವನು ನೀರಿನ ಮಟ್ಟಕ್ಕಿಂತ ಮೇಲೆ ನಿಂತಿರುವುದರಿಂದ ಕ್ಷಿತಿಜವು ತಗ್ಗಿ ಕಾಣುತ್ತದೆ. ಒಂಬತ್ತು ಅಡಿಯ ಎತ್ತರಕ್ಕೆ ಸುಮಾರು ೩ ಕಲೆಯ ವ್ಯತ್ಯಾಸ. ಗಾಳಿಯು ಕಿರಣವನ್ನು ಬಗ್ಗಿಸುತ್ತದೆ. ಕ್ಷಿತಿಜದ ಬಳಿ ಈ ಬಾಗು ಅರ್ಧ ಅಂಶವನ್ನೂ ಮೀರುತ್ತದೆ, ಎಂದರೆ ಮುಳುಗುತ್ತಿರುವಂತೆ ಕಾಣುವ ಸೂರ್ಯನು ನಿಜವಾಗಿ ಆಗಲೇ ಮುಳುಗಿರುತ್ತಾನೆ. ಅಳೆದುದು ಬಿಂಬದ ಅಂಚನ್ನು, ಬೇಕಾದುದು ಅದರ ನಡುವನ್ನು. ಆದ್ದರಿಂದ ಬಿಂಬಾರ್ಧವಾದ ಸುಮಾರು ೧೬ ಕಲೆಗಳನ್ನು ಸೇರಿಸಬೇಕು. ಇವಲ್ಲದೆ, ನಾವಿಕನು ತಾನಾಗಿ ತಿದ್ದಲಾಗದ, ಯಂತ್ರದ ರಚನೆಯಲ್ಲಿಯೇ ಸೇರಿಹೋದ ಸಣ್ಣ ದೋಷಗಳಿಗಾಗಿ ಒಳ್ಳೆಯ ಯಂತ್ರಗಳ ಪೆಟ್ಟಿಗೆಯಲ್ಲಿ ಪರೀಕ್ಷಾಲಯದ ಪ್ರಮಾಣಪತ್ರವೊಂದು ಇರುತ್ತಿತ್ತು. ಲೋಕದಲ್ಲಿ ಪ್ರಮಾಣಪತ್ರಗಳು ಗುಣಗಳನ್ನು ಹೊಗಳುತ್ತವೆ. ಈ ಪತ್ರವಾದರೋ ಇಂಥ ಅಂಶದ ಬಳಿ ಇಷ್ಟು ತಪ್ಪು, ಇಂಥ ಅಂಶದ ಬಳಿ ಇಷ್ಟು ತಪ್ಪು ಎಂದು ದೋಷಗಳನ್ನೇ ಸಾಲಾಗಿ ಬರೆದಿಡುತ್ತದೆ. ಯಂತ್ರವನ್ನು ಪ್ರಮಾಣವಾಗಿಸಿದುದು ಈ ದೋಷಪಟ್ಟಿಯೇ.

ಮೀಮಾಂಸಕನ ಕರಣದೋಷಜ್ಞಾನವು ಇಲ್ಲಿ ಒಂದು ಕಸುಬಿನ ನಿತ್ಯಕರ್ಮವಾಗಿರುವುದನ್ನು ಕಾಣಬಹುದು. ಸ್ವತಃಪ್ರಾಮಾಣ್ಯಕ್ಕೆ ಎದುರಾಳಿಗಳು ಮಾಡುವ ಆಕ್ಷೇಪವೊಂದುಂಟು: ದೋಷವು ತಿಳಿದುಬಾರದಿದ್ದರೆ ಜ್ಞಾನವು ಪ್ರಮಾಣವೆಂದಾದಲ್ಲಿ, ದೋಷವನ್ನು ಹುಡುಕದ ಸೋಮಾರಿಯ ಜ್ಞಾನವೇ ಎಲ್ಲಕ್ಕಿಂತ ಪ್ರಮಾಣವಾದೀತಲ್ಲವೇ? ಹುಡುಕಬೇಕೆಂದರೆ ಎಲ್ಲಿಯವರೆಗೆ? ಹುಡುಕಿದ ಜ್ಞಾನವನ್ನೂ ಪರೀಕ್ಷಿಸಬೇಕಾಗಿ ಅನವಸ್ಥೆಯುಂಟಾಗುವುದು. ಕುಮಾರಿಲಭಟ್ಟರು ಇದಕ್ಕೆ ಕೊಟ್ಟ ಉತ್ತರವು ಪಂಡಿತರ ಉತ್ತರದಂತಿಲ್ಲ, ಅನುಭವಿಯ ಉತ್ತರದಂತಿದೆ: ಮೂರು ನಾಲ್ಕು ಜ್ಞಾನಗಳವರೆಗೆ ಹೋಗಿ ನೋಡು, ಅಷ್ಟರಲ್ಲಿ ಬಾಧಕವು ಕಾಣದಿದ್ದರೆ ಅದಕ್ಕಿಂತ ಹೆಚ್ಚು ಬೇಡ ಎಂಬುದೇ ಅದರ ತಾತ್ಪರ್ಯ. ಸಮುದ್ರದ ನಾವಿಕನು ಒಂದೇ ನೋಟವನ್ನು ನಂಬದೆ ಒಂದರ ಹಿಂದೊಂದು ಮೂರೋ ನಾಲ್ಕೋ ಐದೋ ನೋಟಗಳನ್ನು ತೆಗೆದುಕೊಂಡು, ಅವು ಒಂದಕ್ಕೊಂದು ಹೊಂದಿದರೆ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಲೆಕ್ಕಕ್ಕೆ ಕೂಡುತ್ತಾನೆ. ಕುಮಾರಿಲರ ಗ್ರಂಥವನ್ನು ಅವನು ಓದಿರಲಿಲ್ಲವಷ್ಟೆ.

ಹಲವರ ಒಮ್ಮತವು ಪ್ರಮಾಣದ ಸ್ಥಾನವನ್ನು ಪಡೆಯಬಲ್ಲುದೇ ಎಂಬುದಕ್ಕೆ ಈ ಯಂತ್ರವು ಹುಟ್ಟುವುದಕ್ಕೆ ಮುಂಚಿನ ಘಟನೆಯೊಂದು ಉತ್ತರ ಕೊಡುತ್ತದೆ. ೧೭೦೭ರಲ್ಲಿ ಇಂಗ್ಲಿಷ್ ನೌಕಾಪತಿ ಸರ್ ಕ್ಲೌಡೆಸ್ಲಿ ಷವೆಲ್ ಮೆಡಿಟರೇನಿಯನ್ ಸಮುದ್ರದಿಂದ ಹಡಗುಗಳ ಪಡೆಯೊಂದಿಗೆ ಸ್ವದೇಶಕ್ಕೆ ಮರಳುತ್ತಿದ್ದನು. ಮೋಡ, ಮಳೆ, ಗಾಳಿ. ಪಡೆಯು ಇಂಗ್ಲಿಷ್ ಕಾಲುವೆಯ ಬಾಯಲ್ಲಿ ನಿರಪಾಯವಾಗಿದೆಯೆಂದು ಭಾವಿಸಿ ಮುಂದುವರಿದರು. ಅಕ್ಟೋಬರ್ ೨೨ರ ರಾತ್ರಿ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ನಾಲ್ಕು ಹಡಗುಗಳು ಒಡೆದುಹೋದುವು. ಷವೆಲ್ಲನೂ ಸಾವಿರಕ್ಕೆ ಮೇಲ್ಪಟ್ಟ ಮಂದಿಯೂ ಅಳಿದರು. ಎಚ್ಚರಿಸಿದ ನಾವಿಕನೊಬ್ಬನನ್ನು ನೌಕಾಪತಿಯು ಗಲ್ಲಿಗೇರಿಸಿದನೆಂಬ ಕಥೆಯನ್ನು ಮುಂದಿನವರು ಕಟ್ಟಿದರು. ದುರಂತಕ್ಕೆ ದುಷ್ಟನೊಬ್ಬನು ಬೇಕೆಂಬ ಜನರ ಆಸೆಯೇ ಅಂಥ ಕಥೆಗಳಿಗೆ ಮೂಲ. ನಿಜದಲ್ಲಿ ದುಷ್ಟರು ಯಾರೂ ಬೇಕಾಗಿರಲಿಲ್ಲ. ಎಲ್ಲರೂ ಅದೇ ಮೋಡದ ಕೆಳಗೆ, ಅದೇ ಬಗೆಯ ಊಹೆಯಿಂದ ಲೆಕ್ಕ ಹಾಕಿದವರು. ಒಬ್ಬರ ಕಣ್ಣು ಇನ್ನೊಬ್ಬರಿಗೆ ಸಾಕ್ಷಿಯಾಗಬೇಕಾದರೆ ಅದು ಬೇರೆ ಕಣ್ಣಾಗಿರಬೇಕು; ಅಂಧಪರಂಪರೆಯು ಎಷ್ಟು ಉದ್ದವಾದರೇನು?

ಇದಕ್ಕೆ ನೂರಮೂವತ್ತು ವರ್ಷಗಳ ಮೇಲೆ, ಅದೇ ಸಮುದ್ರಪ್ರಾಂತದ ಬಳಿ, ಥಾಮಸ್ ಸಮ್ನರ್ ಎಂಬ ಅಮೆರಿಕದ ಕಪ್ತಾನನಿಗೂ ಮೋಡವೇ ಎದುರಾಯಿತು. ೧೮೩೭ರ ನವೆಂಬರ್ ೨೫ರಂದು ಚಾರ್ಲ್ಸ್‌ಟನ್ನಿನಿಂದ ಹೊರಟು ಸ್ಕಾಟ್ಲೆಂಡಿನ ಗ್ರೀನಕ್ ಬಂದರಿಗೆ ಹೋಗುತ್ತಿದ್ದ ಅವನಿಗೆ ಐರ್ಲೆಂಡಿನ ದಕ್ಷಿಣಕ್ಕೆ ಬಂದಾಗ ಅಕ್ಷಾಂಶವೇ ಸಂಶಯದಲ್ಲಿತ್ತು. ಗಾಳಿಯು ಹಡಗನ್ನು ದಡದ ಕಡೆಗೆ ತಳ್ಳುತ್ತಿತ್ತು. ಡಿಸೆಂಬರ್ ೧೭ರ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಮೋಡದ ಬಿರುಕಿನಲ್ಲಿ ಸೂರ್ಯನು ಒಂದು ಸಲ ಕಾಣಿಸಿಕೊಂಡನು. ಒಂದೇ ಒಂದು ಉನ್ನತಿಯು ದೊರೆಯಿತು. ಅಕ್ಷಾಂಶ ತಿಳಿಯದೆ ಆ ಒಂದು ಅಳತೆಯಿಂದ ಸ್ಥಾನವನ್ನು ಹೇಳಲಾಗದು. ಸಮ್ನರನು ಒಂದು ಅಕ್ಷಾಂಶವನ್ನು ಊಹಿಸಿ ಲೆಕ್ಕ ಮಾಡಿ ನಕ್ಷೆಯಲ್ಲಿ ಬಿಂದುವನ್ನಿಟ್ಟನು. ಹತ್ತು ಕಲೆ ಉತ್ತರಕ್ಕೆ ಇನ್ನೊಂದನ್ನು ಊಹಿಸಿ ಎರಡನೆಯದನ್ನಿಟ್ಟನು. ಮತ್ತೆ ಹತ್ತು ಕಲೆ ಉತ್ತರಕ್ಕೆ ಮೂರನೆಯದು. ಮೂರೂ ಒಂದೇ ಗೆರೆಯಲ್ಲಿ ಬಿದ್ದುವು; ಗೆರೆಯನ್ನು ಮುಂದಕ್ಕೆಳೆದರೆ ಅದು ಸ್ಮಾಲ್ಸ್ ಎಂಬ ದೀಪಸ್ತಂಭದ ಮೂಲಕ ಹೋಯಿತು. ಹಡಗು ಎಲ್ಲಿದೆಯೆಂಬುದು ಅವನಿಗೆ ಆಗಲೂ ತಿಳಿದಿರಲಿಲ್ಲ. ಈ ಗೆರೆಯ ಮೇಲೆ ಎಲ್ಲಿಯೋ ಇದೆಯೆಂಬುದು ಮಾತ್ರ ತಿಳಿಯಿತು. ಅಷ್ಟೇ ಸಾಕಾಯಿತು. ಗೆರೆಯನ್ನು ಅನುಸರಿಸಿ ಹಡಗನ್ನು ನಡೆಸಿದನು. ಒಂದು ಗಂಟೆಯೊಳಗೆ ಸ್ಮಾಲ್ಸ್ ದೀಪವು ಕಾಣಿಸಿತು. ೧೮೪೩ರಲ್ಲಿ ಅವನು ಈ ವಿಧಾನವನ್ನು ಪ್ರಕಟಿಸಿದ ಮೇಲೆ ಸಮುದ್ರಯಾನದ ಲೆಕ್ಕವೇ ಬದಲಾಯಿತು.

ತರ್ಕಶಾಸ್ತ್ರದಲ್ಲಿ ಸಂಶಯವನ್ನು ಎರಡು ಕೋಟಿಗಳ ನಡುವೆ ತೂಗಾಡುವ ಜ್ಞಾನವೆನ್ನುತ್ತಾರೆ. ಮಸುಕಿನಲ್ಲಿ ಕಂಡದ್ದು ಕಂಬವೋ ಮನುಷ್ಯನೋ ಎಂಬಂತೆ. ಸಂಶಯವು ಕಳೆಯಬೇಕಾದ ಮಲವೆಂದೇ ಸಾಮಾನ್ಯವಾದ ಭಾವನೆ. ಸಮ್ನರನ ಹಿರಿಮೆಯಾದರೋ, ಕಳೆಯಲಾಗದ ಸಂಶಯಕ್ಕೆ ಒಂದು ಆಕಾರವುಂಟೆಂದು ಕಂಡುದು. ಎಲ್ಲೆ ಗೊತ್ತಿರುವ ಅಜ್ಞಾನವೂ ಒಂದು ಬಗೆಯ ಜ್ಞಾನವೇ. ಅದನ್ನು ಹಿಡಿದು ಹಡಗನ್ನು ನಡೆಸಬಹುದು.

ಇಂದಿನ ಹಡಗುಗಳಲ್ಲಿ ಈ ಗೆರೆಯನ್ನು ಕಾಣುವ ಸಂದರ್ಭವು ಅಪರೂಪ. ೧೯೯೫ರಲ್ಲಿ ಪೂರ್ಣವಾಗಿ ಕಾರ್ಯಕ್ಕೆ ಬಂದ ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಿಂದ ಗಾಜಿನ ತೆರೆಯ ಮೇಲೆ ಸ್ಥಾನವು ಒಂದು ಬಿಂದುವಾಗಿ ತಾನೇ ಮೂಡುತ್ತದೆ. ಅದರ ನಿಷ್ಕೃಷ್ಟತೆಯು ಹಳೆಯ ಯಂತ್ರದ ನಿಷ್ಕೃಷ್ಟತೆಯನ್ನು ಎಷ್ಟೋ ಮೀರಿಸಿದೆಯೆಂಬುದು ನಿರ್ವಿವಾದ. ಆದರೆ ಬಿಂದುವು ತನ್ನ ಸಂಶಯವನ್ನು ನೋಡುವವನ ಕಣ್ಣಿಗೆ ತೋರಿಸುವುದಿಲ್ಲ; ದೋಷವನ್ನು ಹುಡುಕಿ ಬರೆದುಕೊಳ್ಳುವ ಕೆಲಸವು ಅವನ ಕೈಬಿಟ್ಟು ಹೋಗಿದೆ. ೨೦೧೭ರ ಜೂನ್ ತಿಂಗಳಲ್ಲಿ ಕಪ್ಪು ಸಮುದ್ರದಲ್ಲಿ, ನೊವೊರೊಸ್ಸಿಸ್ಕ್ ಬಂದರಿನ ಬಳಿ, ನೀರಿನ ಮೇಲಿದ್ದ ಹಡಗುಗಳಿಗೆ ತಾವು ನೆಲದ ಮೇಲಿನ ವಿಮಾನನಿಲ್ದಾಣದಲ್ಲಿರುವುದಾಗಿ ತೆರೆಯು ತೋರಿತು. ವಿಮಾನನಿಲ್ದಾಣವಾದುದರಿಂದ ಬಾಧಕಜ್ಞಾನವು ಒಡನೆಯೇ ಹುಟ್ಟಿತು. ಎರಡು ಮೈಲಿ ಆಚೆಯ ಸಮುದ್ರವನ್ನೇ ತೋರಿದ್ದರೆ ಯಾರು ಸಂಶಯಪಡುತ್ತಿದ್ದರು? ಅಮೆರಿಕದ ನೌಕಾ ವಿದ್ಯಾಲಯವು ಒಮ್ಮೆ ಕೈಬಿಟ್ಟಿದ್ದ ನಕ್ಷತ್ರವೇಧದ ಪಾಠವನ್ನು ೨೦೧೫ರಲ್ಲಿ ಮತ್ತೆ ಆರಂಭಿಸಿದುದು ಹಳೆಯದರ ಮೋಹದಿಂದಲ್ಲ. ಬೇರೆ ಕಣ್ಣೊಂದು ಇರಬೇಕೆಂಬ ಎಚ್ಚರದಿಂದ.

ಇಷ್ಟಾದರೂ ಧರ್ಮದ ಪ್ರಶ್ನೆಯು ಉಳಿಯಿತು. ತನ್ನ ಅಳತೆಯು ಸಂದಿಗ್ಧವೆಂದು ಬಲ್ಲವನು ಅದನ್ನು ಹೇಳಬೇಕೇ? ಹೇಳಿದರೆ ಜೊತೆಗಾರರ ಎದೆ ಕುಸಿಯದೇ? ಇದಕ್ಕೆ ೧೯೧೬ರ ಒಂದು ದೋಣಿಯಾತ್ರೆಗಿಂತ ಹೆಚ್ಚಿನ ನಿದರ್ಶನವು ದೊರೆಯುವುದು ಕಷ್ಟ. ದಕ್ಷಿಣಧ್ರುವಪ್ರದೇಶದಲ್ಲಿ ಹಿಮದ ಒತ್ತಡಕ್ಕೆ ಸಿಕ್ಕಿ ಹಡಗನ್ನು ಕಳೆದುಕೊಂಡ ಷ್ಯಾಕಲ್‌ಟನ್ನನ ತಂಡವು ಎಲಿಫೆಂಟ್ ದ್ವೀಪಕ್ಕೆ ಬಂದು ಸೇರಿತ್ತು. ಅಲ್ಲಿ ೨೨ ಮಂದಿಯನ್ನು ಬಿಟ್ಟು, ಷ್ಯಾಕಲ್‌ಟನ್ನನೂ ಇನ್ನೈದು ಮಂದಿಯೂ ಏಪ್ರಿಲ್ ೨೪ರಂದು ಇಪ್ಪತ್ತೆರಡು ಅಡಿಯಷ್ಟು ಉದ್ದದ ದೋಣಿಯಲ್ಲಿ, ಸುಮಾರು ೮೦೦ ಮೈಲಿ ದೂರದ ದಕ್ಷಿಣ ಜಾರ್ಜಿಯ ದ್ವೀಪಕ್ಕೆ ಸಹಾಯ ತರಲು ಹೊರಟರು. ದಾರಿ ತೋರುವ ಭಾರವು ಫ್ರಾಂಕ್ ವರ್ಸ್ಲಿಯದು. ಅವನ ಬಳಿ ಇದ್ದುದು ಒಂದು ಸೆಕ್ಸ್ಟಂಟ್, ಸರಿಯಾಗಿ ನಡೆಯುವ ಒಂದು ಗಡಿಯಾರ, ನೆನೆದು ಮುದ್ದೆಯಾಗುತ್ತಿದ್ದ ಕೋಷ್ಟಕಗಳ ಪುಸ್ತಕ. ಇಡೀ ಯಾತ್ರೆಯಲ್ಲಿ ಸೂರ್ಯನು ಅಳತೆಗೆ ದೊರೆತುದು ನಾಲ್ಕೇ ಸಲ. ಅಲೆಯ ನೆತ್ತಿಗೆ ದೋಣಿ ಏರಿದ ಕ್ಷಣದಲ್ಲಿ ಮಾತ್ರವೇ ಕ್ಷಿತಿಜವು ಕಾಣುವುದು. ಆ ಕ್ಷಣದಲ್ಲಿ, ಜೊತೆಗಾರರು ಬಿಗಿಯಾಗಿ ಹಿಡಿದುಕೊಂಡಿರಲು, ಅವನು ಸೂರ್ಯನನ್ನು ನೀರಿಗಿಳಿಸಬೇಕು.

ದ್ವೀಪವು ಸಮೀಪಿಸಿದಾಗ ವರ್ಸ್ಲಿಯು ನಾಯಕನಿಗೆ ಹೇಳಿದ ಮಾತು ಸ್ಮರಣೀಯವಾದುದು: ಸ್ಥಾನವನ್ನು ಹತ್ತು ಮೈಲಿಯ ಒಳಗೆ ನಿಶ್ಚಯವಾಗಿ ಹೇಳಲಾರೆ ಎಂದನು. ಅಲ್ಲಿ ಬೀಸುವುದು ಪಡುವಣ ಗಾಳಿ; ದ್ವೀಪವನ್ನು ತಪ್ಪಿ ಪೂರ್ವಕ್ಕೆ ಸರಿದರೆ ಹಿಂದಿರುಗುವ ಆಸೆಯೇ ಇಲ್ಲ, ಮುಂದೆ ಸಾವಿರಾರು ಮೈಲಿ ಬರಿಯ ನೀರು. ತಿಮಿಂಗಿಲ ಬೇಟೆಯವರ ಠಾಣ್ಯಗಳಿದ್ದುದು ದ್ವೀಪದ ಈಶಾನ್ಯದ ಕರಾವಳಿಯಲ್ಲಿ. ನಾವಿಕನು ತನ್ನ ಲೆಕ್ಕದಲ್ಲಿ ನಿಸ್ಸಂಶಯನಂತೆ ನಟಿಸಿದ್ದರೆ ನೇರವಾಗಿ ಅತ್ತ ಹೋಗುವ ಆಸೆಯು ಸಹಜವಾಗುತ್ತಿತ್ತು. ಹತ್ತು ಮೈಲಿಯ ಸಂಶಯವು ತಿಳಿದುದರಿಂದ ಷ್ಯಾಕಲ್‌ಟನ್ನನು ಜನರಿಲ್ಲದ ಪಶ್ಚಿಮದ ಕರಾವಳಿಗೇ ದೋಣಿಯನ್ನು ತಿರುಗಿಸಿದನು. ಸಂಶಯವನ್ನು ಹೇಳಿದವನದು ಅಧೈರ್ಯವಲ್ಲ; ನಿರ್ಣಯಿಸುವವನಿಗೆ ನಿರ್ಣಯದ ಸಾಮಗ್ರಿಯನ್ನು ಪೂರ್ಣವಾಗಿ ಒಪ್ಪಿಸಿದ ಪ್ರಾಮಾಣಿಕತೆ. ಪ್ರಮಾಣ, ಪ್ರಾಮಾಣ್ಯ, ಪ್ರಾಮಾಣಿಕತೆ ಎಂಬ ಮೂರು ಮಾತುಗಳೂ ಒಂದೇ ಧಾತುವಿನಿಂದ ಹೊರಟುವೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಸಂಶಯವು ತಿಳಿದ ಮೇಲೂ ದೋಣಿಯನ್ನು ನಡೆಸಿದವನದು ಅವಿವೇಕವೂ ಅಲ್ಲ. ಮಳೆ ಬಂದೀತೆಂಬ ನಿಶ್ಚಯವಿಲ್ಲದೆಯೇ ಕೃಷಿಕನು ಬಿತ್ತುವಂತೆ, ದೃಷ್ಟಫಲಕ್ಕಾಗಿ ಸಂಶಯದಿಂದಲೂ ಪ್ರವೃತ್ತಿಯುಂಟೆಂದು ನೈಯಾಯಿಕರೇ ಒಪ್ಪುತ್ತಾರೆ. ಶಂಕೆಗೆ ಕೊನೆಯೆಲ್ಲಿ ಎಂಬುದಕ್ಕೆ, ಶಂಕಿಸುವವನ ನಡತೆಗೇ ಅದು ವಿರುದ್ಧವಾಗುವ ಕಡೆಯಲ್ಲಿ ಎಂದು ಉದಯನಾಚಾರ್ಯರು ಎಲ್ಲೆ ಹಾಕಿರುವುದೂ ಇದೇ ಅಭಿಪ್ರಾಯದಿಂದ.

ಮೇ ೮ರಂದು ಬೆಳಗ್ಗೆ ತೇಲುವ ಕಡಲಕಳೆಯು ಕಂಡಿತು. ಆಮೇಲೆ ದಡದಿಂದ ಹದಿನೈದು ಮೈಲಿಗಿಂತ ದೂರ ಹಾರದ ನೀರುಕಾಗೆಗಳು ಕಂಡುವು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವಂತೆ ಹಕ್ಕಿಯಿಂದ ನೆಲವನ್ನು ಅನುಮಾನಿಸಿದರು. ಮಧ್ಯಾಹ್ನ ಕಳೆಯುತ್ತಿದ್ದಂತೆ ಮಂಜಿನ ನಡುವೆ ದಕ್ಷಿಣ ಜಾರ್ಜಿಯದ ಕರಿಯ ಬಂಡೆಗಳು ಪ್ರತ್ಯಕ್ಷವಾದುವು. ಬಿರುಗಾಳಿಯು ಎರಡು ದಿನ ತಡೆದ ಮೇಲೆ ೧೦ರಂದು ದಡ ಹತ್ತಿದರು. ಜನರಿಲ್ಲದ ದಡವನ್ನು ಆರಿಸಿಕೊಂಡುದರ ಬೆಲೆಯನ್ನೂ ತೆರಬೇಕಾಯಿತು: ಷ್ಯಾಕಲ್‌ಟನ್, ವರ್ಸ್ಲಿ, ಕ್ರೀನ್ ಎಂಬ ಮೂವರು ಅದುವರೆಗೆ ಯಾರೂ ದಾಟದ ಹಿಮಪರ್ವತಗಳನ್ನು ಒಂದೂವರೆ ದಿನ ನಿಲ್ಲದೆ ನಡೆದು ದಾಟಿ ಮೇ ೨೦ರಂದು ಸ್ಟ್ರೊಮ್‌ನೆಸ್ ಠಾಣ್ಯವನ್ನು ಸೇರಿದರು. ಎಲಿಫೆಂಟ್ ದ್ವೀಪಕ್ಕೆ ಹಡಗನ್ನು ಒಯ್ಯುವ ಪ್ರಯತ್ನವು ಹಿಮಗಡ್ಡೆಗಳಿಂದ ಮೂರು ಸಲ ನಿಷ್ಫಲವಾಯಿತು. ನಾಲ್ಕನೆಯ ಸಲ, ಚಿಲಿ ದೇಶದ ಯೆಲ್ಚೋ ಎಂಬ ಸಣ್ಣ ಹಡಗು ೧೯೧೬ರ ಆಗಸ್ಟ್ ೩೦ರಂದು ಅಲ್ಲಿಗೆ ತಲುಪಿದಾಗ, ದಡದ ಮೇಲೆ ೨೨ ಮಂದಿಯೂ ಬದುಕಿದ್ದರು.